ಅಲ್ಲಿ ಮಳೆ ಯಾವಾಗ ಮಾರಾಯಾ?

2024ರ ನವೆಂಬರ್ 30, ಶನಿವಾರ. ಫೆಂಗಲ್ ಚಂಡಮಾರುತ ಪುದುಚೇರಿ ಕಡೆ ತಿರುಗಿದೆ ಎಂದು ಟಿವಿಯವರು ಹೇಳುತ್ತಿದ್ದರು. ಚೆನ್ನೈ ವಿಮಾನ ನಿಲ್ದಾಣ ಮುಚ್ಚಿತ್ತು. ನಮ್ಮ ನಾವಲೂರಿನ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋಗಿ, ಜನರೇಟರ್ ಲಿಫ್ಟಿಗೆ ಮಾತ್ರ ಓಡುತ್ತಿತ್ತು. ಹೆಂಡತಿ ಹಾಲು, ಬ್ರೆಡ್, ಕ್ಯಾಂಡಲ್ ಎಲ್ಲ ಹಿಂದಿನ ದಿನವೇ ತಂದಿಟ್ಟಿದ್ದಳು. ಚೆನ್ನೈಯಲ್ಲಿ ಒಂಬತ್ತು ವರ್ಷ ಕಳೆದವರಿಗೆ ಅಷ್ಟು ಅಭ್ಯಾಸ ಆಗಿರುತ್ತದೆ. ಆದರೆ ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಇಸಿಆರ್ ರಸ್ತೆಯಾಚೆ, ಮುಟ್ಟುಕಾಡಿನ ಹಿನ್ನೀರಿನ ಹತ್ತಿರದ ಒಂದು ಖಾಸಗಿ ಅಂಗಳದಲ್ಲಿ, ಟ್ರೈಲರ್ ಮೇಲೆ, ನೀಲಿ ಟಾರ್ಪಾಲಿನ ಕೆಳಗೆ ನಮ್ಮ ದೋಣಿ ಇತ್ತು. ಅದಕ್ಕೆ ವಿಮೆ ಇರಲಿಲ್ಲ.

‘ನಮ್ಮ’ ಅಂದರೆ ನನ್ನದು ಮತ್ತು ನನ್ನ ಟೀಮಿನಲ್ಲೇ ಇರುವ ತಮಿಳು ಗೆಳೆಯನದು, ಅರ್ಧ ಅರ್ಧ. 18 ಅಡಿ ಉದ್ದದ ಫೈಬರ್ ಹಾಯಿದೋಣಿ, ಹಿಂದೆ 5 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ಸೆಕೆಂಡ್ ಹ್ಯಾಂಡ್, 4 ಲಕ್ಷ 20 ಸಾವಿರಕ್ಕೆ ಕೊಂಡಿದ್ದು. ಊರಲ್ಲಿ ಈ ವಿಷಯ ಹೇಳಿದಾಗ ಅಪ್ಪ, ‘ಅದೇ ದುಡ್ಡಿಗೆ ಒಂದು ಕಾರು ಬರುತ್ತಿತ್ತು’ ಎಂದರು. ಅವರು ಹೇಳಿದ್ದು ತಪ್ಪಲ್ಲ. ಮರವಂತೆಯ ಪಕ್ಕದ ಊರಿನಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನೋಡುತ್ತ ಬೆಳೆದು, ಸುರತ್ಕಲ್ಲಿನಲ್ಲಿ ಎಂ.ಟೆಕ್ ಮಾಡುವಾಗ ಸಂಜೆಗೊಂದು ಸಲ ಕ್ಯಾಂಪಸ್ಸಿನ ಬೀಚಿಗೆ ಹೋಗಿ ಕೂರುತ್ತಿದ್ದವನು ಒಎಂಆರ್‌ನ ಗಾಜಿನ ಕಟ್ಟಡದಲ್ಲಿ ಒಂಬತ್ತು ವರ್ಷ ಕೂತರೆ ತಲೆ ಸ್ವಲ್ಪ ಕೆಡುತ್ತದೆ ಎಂದು ಮಾತ್ರ ಹೇಳಬಲ್ಲೆ. ನನ್ನ ಮಗಳಿಗೂ ಹುಚ್ಚು ಹಿಡಿದಿದೆ. ಟೋಕಿಯೊ ಒಲಿಂಪಿಕ್ಸಿನಲ್ಲಿ ಹಾಯಿದೋಣಿ ಓಡಿಸಿದ ನೇತ್ರಾ ಕುಮನನ್ ಚೆನ್ನೈನವರೇ ಎಂದು ಶಾಲೆಯಲ್ಲಿ ಕೇಳಿ ಬಂದ ಮೇಲೆ ಮನೆಯ ಸೋಫಾಕ್ಕೂ ಬೆಡ್‌ಶೀಟಿನ ಹಾಯಿ ಕಟ್ಟುತ್ತಾಳೆ.

ಫೆಂಗಲ್ ಹೋದ ಮೇಲೆ ಭಾನುವಾರ ಮಧ್ಯಾಹ್ನ ಹೋಗಿ ನೋಡಿದೆವು. ಟಾರ್ಪಾಲು ಬೇಲಿಯಲ್ಲಿ ಸಿಕ್ಕಿಕೊಂಡಿತ್ತು. ದೋಣಿಯೊಳಗೆ ಮೊಣಕಾಲುದ್ದ ಮಳೆನೀರು. ಆ ಭಾರಕ್ಕೆ ಟ್ರೈಲರಿನ ಒಂದು ಚಕ್ರ ಮಣ್ಣಿನಲ್ಲಿ ಹೂತು, ದೋಣಿ ವಾಲಿ, ಚುಕ್ಕಾಣಿ ನೆಲಕ್ಕೆ ಒತ್ತಿ ಸೀಳಿತ್ತು. ರಿಪೇರಿಗೆ 14 ಸಾವಿರ ಖರ್ಚಾಯಿತು. ಹತ್ತು ಅಡಿ ದೂರದಲ್ಲಿ ಒಂದು ಮರ ಬುಡಸಮೇತ ಮಗುಚಿತ್ತು. ಅದು ಇತ್ತ ಕಡೆ ಬಿದ್ದಿದ್ದರೆ ಈ ಲೇಖನ ಬೇರೆ ಥರ ಇರುತ್ತಿತ್ತು.

ನಾವು ವಿಮೆಯನ್ನು ಮರೆತಿದ್ದೆವು ಎಂದಲ್ಲ. ಆಗಸ್ಟಿನಿಂದ ಕೊಟೇಶನ್ ತರಿಸುತ್ತಲೇ ಇದ್ದೆವು. ಕಾರಿಗಾದರೆ ನಂಬರ್ ಹಾಕಿದರೆ ಮೊಬೈಲಿನಲ್ಲಿ ಹತ್ತು ಕಂಪನಿಗಳ ದರ ಬಂದು ನಿಲ್ಲುತ್ತದೆ. ಮೋಜಿನ ದೋಣಿಗೆ ಹಾಗಿಲ್ಲ. ಬ್ರಾಂಚಿಗೆ ಹೋದರೆ ‘ಫಿಶಿಂಗ್ ಬೋಟಾ ಸಾರ್?’ ಎನ್ನುತ್ತಾರೆ. ಅಲ್ಲ ಎಂದರೆ ‘ಟೂರಿಸ್ಟ್ ಬೋಟಾ?’ ಅದೂ ಅಲ್ಲ ಎಂದರೆ ಮುಂಬೈಗೆ ಮೇಲ್ ಹೋಗುತ್ತದೆ. ಮುಂಬೈಯಿಂದ ಫೋಟೊ ಕೇಳುತ್ತಾರೆ, ಸರ್ವೇ ರಿಪೋರ್ಟ್ ಕೇಳುತ್ತಾರೆ. ಸರ್ವೇಯರ್ ಹುಡುಕಿ ಐದು ಸಾವಿರ ಕೊಟ್ಟು ದೋಣಿಯ ತಳ ಬಡಿಸಿ ನೋಡಿಸಿದ್ದಾಯಿತು. ಇಷ್ಟೆಲ್ಲ ಆಗುವಷ್ಟರಲ್ಲಿ ನವೆಂಬರ್ ಬಂತು. ಇನ್‌ಶೂರೆನ್ಸ್ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಕೈಗೆ ಬರುವವರೆಗೆ ಕಂಪನಿ ಅಪಾಯದ ಹೊಣೆ ಹೊರುವಂತಿಲ್ಲ. ಹವಾಮಾನ ಇಲಾಖೆ ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ದುಡ್ಡು ಕಳಿಸಲು ಹೊರಟರೆ ಯಾರು ತೆಗೆದುಕೊಳ್ಳುತ್ತಾರೆ?

ಡಿಸೆಂಬರ್ ಎರಡನೇ ವಾರ ಕರಡು ಪಾಲಿಸಿ ಬಂತು. ದೋಣಿಯ ಬೆಲೆ 3 ಲಕ್ಷ 60 ಸಾವಿರ, ಮೂರನೆಯವರ ಹೊಣೆ 5 ಲಕ್ಷ, ಪ್ರೀಮಿಯಂ ಹತ್ತು ಸಾವಿರದೊಳಗೆ. ಗೆಳೆಯ ‘ಸೂಪರ್ ಮಚ್ಚಾ, ದುಡ್ಡು ಕಟ್ಟಿಬಿಡೋಣ’ ಎಂದ. ನಾನೂ ಸಿದ್ಧನಿದ್ದೆ. ಅದೇ ಸಂಜೆ ಊರಿನಿಂದ ಮಾವ ಫೋನ್ ಮಾಡಿದರು.

ಮಾವ ಎಂದರೆ ಅಮ್ಮನ ಅಣ್ಣ. ಗಂಗೊಳ್ಳಿ ಅಳಿವೆಯಲ್ಲಿ ಮೂವತ್ತು ವರ್ಷ ನಾಡದೋಣಿ ನಡೆಸಿದವರು. ಈಗ ಮಂಡಿನೋವು, ದೋಣಿ ಮಗನಿಗೆ. ನಾನು ದೊಡ್ಡಸ್ತಿಕೆಯಿಂದ ಕರಡು ಓದಿ ಹೇಳಿದೆ. ‘ಲೇ-ಅಪ್ ಅಂತ ಒಂದಿದೆ ಮಾವ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ದೋಣಿ ನೀರಿಗಿಳಿಸುವ ಹಾಗಿಲ್ಲ, ದಡದಲ್ಲೇ ಇರಬೇಕು. ಅದಕ್ಕೆ ಪ್ರೀಮಿಯಂ ಕಡಿಮೆ.’

ಮಾವ ಒಂದು ಕ್ಷಣ ಸುಮ್ಮನಿದ್ದು ಕೇಳಿದರು: ‘ಅಲ್ಲಿ ಮಳಿ ಯಾವಾಗ ಮಾರಾಯಾ?’

ಎಂ.ಟೆಕ್ ಮಾಡಿದವನಿಗೆ ಹೊಳೆಯದೇ ಹೋದದ್ದು ಇದು. ನಮ್ಮೂರಲ್ಲಿ ಜೂನ್ ಬಂತೆಂದರೆ ಸಮುದ್ರ ಏಳುತ್ತದೆ, ದೋಣಿಗಳು ದಡ ಹತ್ತುತ್ತವೆ, ತೆಂಗಿನ ಮಡಲಿನ ಚಪ್ಪರದ ಕೆಳಗೆ ಮಲಗುತ್ತವೆ. ಮುಂಬೈಯಲ್ಲೂ ಹಾಗೆ. ಹಾಗಾಗಿ ಮುಂಬೈಯ ಮೇಜಿನಲ್ಲಿ ಕೂತವರಿಗೆ ಲೇ-ಅಪ್ ಎಂದರೆ ಜೂನ್‌ನಿಂದ ಸೆಪ್ಟೆಂಬರ್ ಎಂದು ಕೈ ತಾನೇ ಟೈಪ್ ಮಾಡಿಬಿಡುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡಿಫಾಲ್ಟ್ ವ್ಯಾಲ್ಯೂ. ಆದರೆ ಚೆನ್ನೈಯಲ್ಲಿ ವರ್ಷದ ಮಳೆಯ ಅರ್ಧಕ್ಕಿಂತ ಹೆಚ್ಚು ಸುರಿಯುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ವರ್ದಾ ಬಂದದ್ದು 2016ರ ಡಿಸೆಂಬರ್ 12ರಂದು. ಮಿಚಾಂಗ್ 2023ರ ಡಿಸೆಂಬರ್ ಮೊದಲ ವಾರದಲ್ಲಿ. ಫೆಂಗಲ್ ನವೆಂಬರ್ ಕೊನೆಗೆ. ಸರ್ಕಾರದ ಮೀನುಗಾರಿಕೆ ನಿಷೇಧವೂ ಎರಡು ಕರಾವಳಿಗೆ ಬೇರೆ ಬೇರೆ: ಪಶ್ಚಿಮಕ್ಕೆ ಜೂನ್ 1ರಿಂದ ಜುಲೈ 31, ಪೂರ್ವಕ್ಕೆ ಏಪ್ರಿಲ್ 15ರಿಂದ ಜೂನ್ 14. ಅದು ಮುಖ್ಯವಾಗಿ ಮೀನಿನ ಸಂತಾನಕ್ಕಾಗಿ ಮಾಡಿದ್ದು, ನಿಜ. ಆದರೆ ಎರಡು ಸಮುದ್ರಗಳ ಪಂಚಾಂಗ ಒಂದೇ ಅಲ್ಲ ಎಂಬುದು ಸರ್ಕಾರಕ್ಕೂ ಗೊತ್ತಿದೆ. ನಮ್ಮ ಕರಡಿಗೆ ಮಾತ್ರ ಗೊತ್ತಿರಲಿಲ್ಲ.

ಆ ಕರಡಿಗೇ ಸಹಿ ಹಾಕಿದ್ದರೆ ಏನಾಗುತ್ತಿತ್ತು? ಹಾಯಿ ಬಿಚ್ಚಲು ಹಿತವಾದ ಜುಲೈ ಬೆಳಗಿನಲ್ಲಿ ದೋಣಿ ಇಳಿಸಿದರೆ ನಾವು ವಾರಂಟಿ ಮುರಿದಂತೆ. ಚಂಡಮಾರುತದ ತಿಂಗಳುಗಳಲ್ಲಿ ದೋಣಿ ಹೇಗೂ ಅಂಗಳದಲ್ಲೇ ಇರುತ್ತದೆ. ಆಗ ಅದು ನೀರಿನಲ್ಲಿದೆ ಎಂದು ಲೆಕ್ಕ ಹಾಕಿ ಪೂರ್ತಿ ಪ್ರೀಮಿಯಂ ಕಟ್ಟುತ್ತಿದ್ದೆವು.

ಈ ‘ವಾರಂಟಿ’ ಎಂಬ ಪದದ ಬಗ್ಗೆ ಸ್ವಲ್ಪ ಹೇಳಬೇಕು. ಇದು ಫ್ರಿಜ್ಜಿನ ವಾರಂಟಿ ಅಲ್ಲ, ಅದರ ಉಲ್ಟಾ. ಇಲ್ಲಿ ಮಾತು ಕೊಡುವವರು ನಾವು. ದೋಣಿಯ ವಿಮೆ ನಡೆಯುವುದು 1963ರ ಮರೀನ್ ಇನ್‌ಶೂರೆನ್ಸ್ ಕಾಯ್ದೆಯ ಕೆಳಗೆ. ಅದು ಇಂಗ್ಲೆಂಡಿನ 1906ರ ಕಾಯ್ದೆಯನ್ನು ಬಹುಮಟ್ಟಿಗೆ ಹಾಗೇ ಇಳಿಸಿಕೊಂಡದ್ದು. ಅದರ 35ನೇ ಕಲಮಿನ ಪ್ರಕಾರ ವಾರಂಟಿಯನ್ನು ಅಕ್ಷರಶಃ ಪಾಲಿಸಬೇಕು. ಅಪಾಯಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಮುಖ್ಯವಲ್ಲ. ಮುರಿದ ದಿನದಿಂದ ಕಂಪನಿ ಹೊಣೆಯಿಂದ ಪಾರು. ಅಂದರೆ ಜುಲೈಯಲ್ಲಿ ಒಂದು ದಿನ ದೋಣಿ ಇಳಿಸಿ ಸುರಕ್ಷಿತವಾಗಿ ತಂದಿಟ್ಟು, ಡಿಸೆಂಬರಿನಲ್ಲಿ ಮರ ಬಿದ್ದರೂ ‘ನೀವು ಜುಲೈಯಲ್ಲಿ ಮಾತು ತಪ್ಪಿದಿರಿ’ ಎನ್ನಬಹುದು. ಇಂಗ್ಲೆಂಡಿನವರು ಇದು ಅತಿಯಾಯಿತೆಂದು 2015ರ ಹೊಸ ಕಾಯ್ದೆಯಲ್ಲಿ ಸಡಿಲಿಸಿಕೊಂಡಿದ್ದಾರೆ. ನಾವು ಅವರ ಹಳೇ ಕೋಟನ್ನೇ ಹಾಕಿಕೊಂಡಿದ್ದೇವೆ.

ಮಾವನಿಗೆ ಇದು ಕಲಮು ಓದಿ ಗೊತ್ತಾದದ್ದಲ್ಲ. 1994ರಲ್ಲಿ ಕೋಟೇಶ್ವರದ ಕೊಡಿ ಹಬ್ಬದ ರಾತ್ರಿ, ಕುಂದಾಪುರದಿಂದ ಗಂಗೊಳ್ಳಿಗೆ ಮರಳುವ ಲಾಂಚು ನಿಂತಿತ್ತು. ಹನ್ನೆರಡು ಜನ ಗುರುತಿನವರು ‘ಆಚೆ ದಾಟಿಸು ಮಾರಾಯಾ’ ಎಂದರು. ತಲೆಗೆ ಮೂರು ರೂಪಾಯಿ. ದಡ ಇನ್ನೇನು ಸಿಕ್ಕಿತು ಎನ್ನುವಾಗ ಕತ್ತಲಲ್ಲಿ ಕಲ್ಲಿಗೆ ಬಡಿದು ತಳದ ಹಲಗೆ ಸೀಳಿತು. ಎಲ್ಲರೂ ಸೊಂಟಮಟ್ಟದ ನೀರಲ್ಲಿ ನಡೆದು ದಡ ಸೇರಿದರು, ಹೆಣ್ಣುಮಕ್ಕಳ ಕೈಯಲ್ಲಿ ಹಬ್ಬದ ಕಬ್ಬು ಹಾಗೇ ಇತ್ತಂತೆ. ದೋಣಿ ಮಾತ್ರ ಇಳಿತದ ಸೆಳೆತಕ್ಕೆ ಸಿಕ್ಕಿ ಹೋಯಿತು. ವಿಮೆ ಇತ್ತು, ಪ್ರೀಮಿಯಂ ಕಟ್ಟಿತ್ತು. ಪಾಲಿಸಿಯಲ್ಲಿ ‘ಮೀನುಗಾರಿಕೆಗೆ ಮಾತ್ರ’ ಎಂದಿತ್ತು. ಕಂಪನಿ ಕ್ಲೇಮು ತಿರಸ್ಕರಿಸಿತು. ‘ಮೂವತ್ತಾರು ರೂಪಾಯಿ ದುಡ್ದು ದೋಣಿ ಕಳಕೊಂಡೆ’ ಎಂದು ಮಾವ ಈಗಲೂ ನಗುತ್ತಾರೆ. ಅತ್ತೆ ನಗುವುದಿಲ್ಲ. ಅವರ ಬಳೆ ಆ ವರ್ಷ ಹೋಗಿತ್ತು.

ಆ ಮೇಲೆ ನಾನು ಕರಡನ್ನು ನಿಜವಾಗಿ ಓದಲು ಕೂತೆ. ಎರಡು ಪುಟದ ಪಾಲಿಸಿಗೆ ಲಗತ್ತಿಸಿದ್ದು ಲಂಡನ್ನಿನ ‘ಇನ್‌ಸ್ಟಿಟ್ಯೂಟ್ ಯಾಚ್ ಕ್ಲಾಸಸ್’, 1985ರ ನವೆಂಬರ್ 1ರ ಆವೃತ್ತಿ. ನಾನು ಹುಟ್ಟುವ ಮೊದಲಿನ ದಾಖಲೆ. ಆದರೆ ಸತ್ಯ ಹೇಳಬೇಕೆಂದರೆ ಬರೆದವರು ದೋಣಿ ಬಲ್ಲವರು. ಯಾವುದು ಹೇಗೆ ಹಾಳಾಗುತ್ತದೆ ಎಂದು ಒಂದೊಂದನ್ನೂ ಯೋಚಿಸಿದ್ದಾರೆ, ಮತ್ತು ಸುಲಭವಾಗಿ ಹಾಳಾಗುವುದನ್ನೆಲ್ಲ ಹೊರಗಿಟ್ಟಿದ್ದಾರೆ!

ಔಟ್‌ಬೋರ್ಡ್ ಇಂಜಿನ್ ಕಳಚಿ ನೀರಿಗೆ ಬಿದ್ದರೆ ಪರಿಹಾರವಿಲ್ಲ. ಕಳ್ಳತನವಾದರೆ ಉಂಟು, ಆದರೆ ಮಾಮೂಲಿ ಹಿಡಿಕೆ ಸ್ಕ್ರೂ ಸಾಲದು, ಅದರ ಜೊತೆ ಕಳ್ಳತನ ತಡೆಯುವ ಬೀಗ ಇರಲೇಬೇಕು. ಆಗಲೂ ಹಳೆಯದಕ್ಕೆ ಹೊಸದು ಎಂಬ ಲೆಕ್ಕದಲ್ಲಿ ಮೂರರಲ್ಲಿ ಒಂದು ಪಾಲಿನವರೆಗೆ ಕಡಿತ ಮಾಡಬಹುದು. ನಮ್ಮ ಇಂಜಿನ್ನಿಗೆ 1 ಲಕ್ಷ 10 ಸಾವಿರ ಬೆಲೆ ಹಿಡಿದರೆ, ಮೂರನೇ ಒಂದು ಭಾಗ ಕಳೆದು, ಮೇಲೆ ನಾವೇ ಹೊರಬೇಕಾದ 10 ಸಾವಿರವನ್ನೂ ತೆಗೆದರೆ ಕೈಗೆ ಬರುವುದು 63 ಸಾವಿರದ ಚಿಲ್ಲರೆ. ಗಾಳಿಗೆ ಹಾಯಿ ಹರಿದರೆ ಇಲ್ಲ, ಹಾಯಿ ಕಟ್ಟಿದ ಕಂಬವೇ ಮುರಿದು ಹರಿದರೆ ಉಂಟು. ರೇಸಿನಲ್ಲಿದ್ದಾಗ ಹಾಯಿ, ಕಂಬ, ಹಗ್ಗ ಇಲ್ಲ, ದೋಣಿ ಮುಳುಗುವಂಥ ಅಥವಾ ಡಿಕ್ಕಿಯಂಥ ದೊಡ್ಡ ಅನಾಹುತವಾದರೆ ಮಾತ್ರ ಉಂಟು. ರೇಸಿಗೆ ಬೇಕಿದ್ದರೆ ಬೇರೆ ದುಡ್ಡು ಕೊಟ್ಟು ಸೇರಿಸಿಕೊಳ್ಳಬೇಕು. ಗೆಳೆಯನಿಗೆ ರೇಸಿನ ಆಸೆ ಇತ್ತು. ‘ಮೊದಲು ನೇರ ಓಡಿಸಲು ಕಲಿಯೋಣ’ ಎಂದೆ.

17 ನಾಟ್ ವೇಗದ ಮಿತಿಯೂ ಇದೆ, ಗಂಟೆಗೆ ಸುಮಾರು 31 ಕಿಲೋಮೀಟರ್. ನಮ್ಮದು ಹಿಂದಿನಿಂದ ತಳ್ಳಿದರೂ ಆರು ದಾಟುವುದಿಲ್ಲ, ಆ ಚಿಂತೆಯಿಲ್ಲ. ಸ್ಪೀಡ್‌ಬೋಟ್ ಇಟ್ಟವರು ಇದನ್ನು ನೋಡಿಕೊಳ್ಳಬೇಕು, ಅವರಿಗೆ ಬೇರೆಯೇ ಶರತ್ತುಗಳಿವೆ.

ನನಗೆ ನಿದ್ದೆಗೆಡಿಸಿದ್ದು ಮರ. ಯಾವ್ಯಾವ ಅಪಾಯಕ್ಕೆ ರಕ್ಷಣೆ ಎಂಬ ಪಟ್ಟಿಯಲ್ಲಿ ಮೊದಲಿಗೆ ಇದ್ದದ್ದು ‘ಸಮುದ್ರ, ನದಿ, ಸರೋವರಗಳ ಅಪಾಯಗಳು’. ಬೆಂಕಿ, ಭೂಕಂಪ, ಸಿಡಿಲು ಕೂಡ ಇದ್ದವು. ದಡದಲ್ಲಿ ಇಟ್ಟ ದೋಣಿಗೂ ಪಾಲಿಸಿ ಅನ್ವಯಿಸುತ್ತದೆ ಎಂದೂ ಇತ್ತು. ಸರಿ, ಆದರೆ ಅಂಗಳದಲ್ಲಿ ಟ್ರೈಲರ್ ಮೇಲೆ ನಿಂತ ದೋಣಿಯ ಮೇಲೆ ಬಿರುಗಾಳಿಗೆ ಮರ ಬಿದ್ದರೆ ಅದು ಸಮುದ್ರದ ಅಪಾಯವೇ? ಮಳೆನೀರು ತುಂಬಿ ವಾಲಿದರೆ? ವರ್ದಾ ದಿನ ಚೆನ್ನೈಯಲ್ಲಿ ಸಾವಿರಾರು ಮರಗಳು ಬಿದ್ದಿದ್ದವು, ಅವು ಯಾವುವೂ ಸಮುದ್ರದಲ್ಲಿರಲಿಲ್ಲ. ಫೋನಿನಲ್ಲಿ ಕೇಳಿದರೆ ಏಜೆಂಟರು ‘ಎಲ್ಲ ಕವರ್ ಆಗುತ್ತೆ ಸಾರ್’ ಎಂದರು. ‘ಅದನ್ನೇ ಮೇಲ್‌ನಲ್ಲಿ ಬರೆದುಕೊಡಿ’ ಎಂದೆ. ಹನ್ನೊಂದು ದಿನ ಉತ್ತರ ಇಲ್ಲ. ಆಮೇಲೆ ಬಂದ ಉತ್ತರದಲ್ಲಿ, ದಡದಲ್ಲಿರುವಾಗ ಚಂಡಮಾರುತ ಮತ್ತು ನೆರೆಯ ರಕ್ಷಣೆಯನ್ನು ಪ್ರತ್ಯೇಕ ಸಾಲಾಗಿ ಸೇರಿಸಬೇಕು, ಅದಕ್ಕೆ ಇಷ್ಟು ಹೆಚ್ಚುವರಿ ಎಂದಿತ್ತು. ‘ಎಲ್ಲ ಕವರ್ ಆಗುತ್ತೆ’ ಎಂಬ ಮಾತಿನ ಬೆಲೆ ಆಗ ತಿಳಿಯಿತು.

ಬೆಲೆಯ ವಿಷಯದಲ್ಲೂ ಒಂದು ಸುತ್ತು ಜಗ್ಗಾಟವಾಯಿತು. ಅವರು ಸವಕಳಿ ಕಳೆದು 3 ಲಕ್ಷ 60 ಸಾವಿರ ಹಾಕಿದ್ದರು. ನಾವು ಕೊಟ್ಟದ್ದು 4 ಲಕ್ಷ 20, ಹೊಸ ಹಾಯಿ, ಹಗ್ಗ, ಬಣ್ಣಕ್ಕೆ 80 ಸಾವಿರ, ಒಟ್ಟು 5 ಲಕ್ಷ. ನಿಜವಾದ ಮೌಲ್ಯ 5 ಇದ್ದು 3ಕ್ಕೆ ಮಾತ್ರ ವಿಮೆ ಮಾಡಿಸಿದರೆ, ಉಳಿದ 2 ಲಕ್ಷಕ್ಕೆ ನೀನೇ ವಿಮಾ ಕಂಪನಿ ಎನ್ನುತ್ತದೆ ಕಾಯ್ದೆ. ಒಂದು ಲಕ್ಷದ ಹಾನಿಗೂ ಬರುವುದು 60 ಸಾವಿರ. ಇದಕ್ಕೆ ಪರಿಹಾರ ‘ಒಪ್ಪಿತ ಮೌಲ್ಯ’ದ ಪಾಲಿಸಿ. ಮೊದಲೇ ಇಬ್ಬರೂ ಒಂದು ಮೊತ್ತಕ್ಕೆ ಒಪ್ಪಿ ಬರೆದುಕೊಂಡರೆ, ಮೋಸವಿಲ್ಲದ ಪಕ್ಷದಲ್ಲಿ ಆಮೇಲೆ ಯಾರೂ ಅದನ್ನು ಕೆದಕುವಂತಿಲ್ಲ. ಸರ್ವೇ ರಿಪೋರ್ಟೂ ಬಿಲ್ಲುಗಳೂ ಇದ್ದದ್ದರಿಂದ 5 ಲಕ್ಷಕ್ಕೆ ಒಪ್ಪಿದರು.

ಗೆಳೆಯನಿಗೂ ನನಗೂ ಮನಸ್ತಾಪ ಬಂದದ್ದು ಒಂದು ತೇಪೆಯ ಬಗ್ಗೆ. ದೋಣಿಯ ಮುಂಭಾಗದಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ, ಒಂದು ಹಳೇ ರಿಪೇರಿ ಇದೆ. ಮಾರಿದವರು ಹೇಳಿಯೇ ಕೊಟ್ಟಿದ್ದರು. ಬಣ್ಣದ ಕೆಳಗೆ ಕಾಣುವುದಿಲ್ಲ, ಸರ್ವೇಯರ್ ರಿಪೋರ್ಟಿನಲ್ಲೂ ಬಂದಿರಲಿಲ್ಲ. ಪ್ರಪೋಸಲ್ ಫಾರ್ಮಿನಲ್ಲಿ ‘ಹಿಂದಿನ ಹಾನಿಗಳು’ ಎಂಬ ಖಾನೆ. ‘ನಾವು ಮಾಡಿದ ಹಾನಿ ಅಲ್ಲ, ಬರೆಯೋದು ಯಾಕೆ, ಪ್ರೀಮಿಯಂ ಏರಿಸುತ್ತಾರೆ’ ಎಂಬುದು ಅವನ ವಾದ. ಕಂಪನಿ ಕೇಳದಿದ್ದರೂ ಗೊತ್ತಿದ್ದ ಮುಖ್ಯ ಸಂಗತಿ ಹೇಳಬೇಕೆಂಬುದು ಈ ಕಾಯ್ದೆಯ ತಳಹದಿ. ಇಲ್ಲಿ ಕೇಳಿಯೇ ಇದ್ದರು. ಎರಡು ದಿನ ಕ್ಯಾಂಟೀನಿನಲ್ಲಿ ಬೇರೆ ಬೇರೆ ಟೇಬಲ್ಲಿನಲ್ಲಿ ಕೂತೆವು. ಕೊನೆಗೆ ನಾನು ಫೋಟೊ ಸಮೇತ ಬರೆದು ಕಳಿಸಿದೆ. ಕಂಪನಿ ಕೇಳಿದ್ದು ಒಂದೇ: ರಿಪೇರಿ ಯಾರು ಮಾಡಿದ್ದು, ಬಿಲ್ ಇದೆಯಾ. ಪ್ರೀಮಿಯಂ ಒಂದು ರೂಪಾಯಿ ಏರಲಿಲ್ಲ. ಅವನು ಇದನ್ನು ಇನ್ನೂ ಒಪ್ಪಿಕೊಂಡಿಲ್ಲ, ಅದೃಷ್ಟ ಎನ್ನುತ್ತಾನೆ. ಅದೇ ಹೊತ್ತಿಗೆ ಇನ್ನೊಂದು ತಪ್ಪೂ ಕಣ್ಣಿಗೆ ಬಿತ್ತು. ದೋಣಿಯ ಕಾಗದ ಅವನೊಬ್ಬನ ಹೆಸರಲ್ಲಿತ್ತು. ನನ್ನ ಅರ್ಧದ ಪುರಾವೆ ಇದ್ದದ್ದು ಒಂದು ಬ್ಯಾಂಕ್ ಟ್ರಾನ್ಸ್‌ಫರ್ ಮತ್ತು ಅವನ ಸ್ನೇಹ. ಈಗ ಪಾಲುದಾರಿಕೆಯ ಪತ್ರ ಮಾಡಿಸಿ ಪಾಲಿಸಿಯಲ್ಲಿ ಇಬ್ಬರ ಹೆಸರೂ ಹಾಕಿಸಿದ್ದೇವೆ.

ಇಲ್ಲಿಯವರೆಗೆ ನಾವು ಲೆಕ್ಕ ಹಾಕಿದ್ದೆಲ್ಲ ದೋಣಿಯದ್ದು. ಆಫೀಸಿನಲ್ಲಿ ಸುದ್ದಿ ಹಬ್ಬಿ, ‘ವೀಕೆಂಡ್ ನಮ್ಮನ್ನೂ ಕರ್ಕೊಂಡು ಹೋಗಿ, ತಲೆಗೆ 500 ಕೊಡ್ತೀವಿ, ಪೆಟ್ರೋಲಿಗಾಗುತ್ತೆ’ ಎಂದು ಸಹೋದ್ಯೋಗಿಗಳು ಕೇಳತೊಡಗಿದ ಮೇಲೆ ಕಣ್ಣು ಬೇರೆ ಪುಟಕ್ಕೆ ಹೋಯಿತು. ‘ಖಾಸಗಿ ವಿಹಾರಕ್ಕೆ ಮಾತ್ರ, ಬಾಡಿಗೆಗೆ, ಪ್ರತಿಫಲಕ್ಕೆ ಅಲ್ಲ.’ ಮಾವನ ಮೂವತ್ತಾರು ರೂಪಾಯಿ ನೆನಪಾಯಿತು. ಪೆಟ್ರೋಲು ಹಂಚಿಕೊಂಡರೆ ಪ್ರತಿಫಲವೇ ಎಂದು ಬರೆದು ಕೇಳಿದೆ. ಅತಿಥಿಗಳಿಂದ ಯಾವ ಹಣವೂ ಬೇಡ ಎಂದು ಉತ್ತರ ಬಂತು. ಈಗ ಬರುವವರು ಇಡ್ಲಿ ಕಟ್ಟಿಸಿಕೊಂಡು ಬರುತ್ತಾರೆ. ಇಡ್ಲಿ ಪ್ರತಿಫಲವೇ ಎಂದು ನಾನು ಕೇಳಿಲ್ಲ.

ತಮಾಷೆಯಲ್ಲ. ನಮ್ಮ ರಾಜ್ಯದವರಿಗೆ 2019ರ ಜನವರಿ 21 ನೆನಪಿರುತ್ತದೆ. ಕಾರವಾರದ ಕೂರ್ಮಗಡದಲ್ಲಿ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ. ನಮ್ಮದು ಐದು ಜನ ಕೂರುವ ದೋಣಿ. ಆದರೆ ಒಬ್ಬರ ಮಗು ಹೋದರೂ, ಈಜುತ್ತಿದ್ದ ಒಬ್ಬ ಹುಡುಗನ ತಲೆಗೆ ನಮ್ಮ ಇಂಜಿನ್ನಿನ ರೆಕ್ಕೆ ಬಡಿದರೂ, 5 ಲಕ್ಷದ ಹೊಣೆ ಯಾವ ಮೂಲೆಗೆ? ದೋಣಿ ಅಳಿವೆಯ ಬಾಯಲ್ಲಿ ಮುಳುಗಿದರೆ ಅದನ್ನು ಎತ್ತಿಸುವ ಖರ್ಚೂ ಇದೇ ಖಾತೆಯಲ್ಲಿ ಬರುತ್ತದೆ. ಕಾರಿಗಾದರೆ ಮೂರನೆಯವರ ವಿಮೆ ಕಡ್ಡಾಯ ಎಂದು ಪೊಲೀಸರೇ ನೆನಪಿಸುತ್ತಾರೆ. ಒಳನಾಡ ನೀರಿನ ಯಂತ್ರದೋಣಿಗಳಿಗೆ 1917ರ ಕಾಯ್ದೆಯ ಬದಲು ಬಂದ 2021ರ ಹೊಸ ಕಾಯ್ದೆಯಲ್ಲೂ ವಿಮೆಗೆಂದೇ ಒಂದು ಅಧ್ಯಾಯವಿದೆ. ಆದರೆ ಮುಟ್ಟುಕಾಡಿನಲ್ಲಿ ಭಾನುವಾರ ಬೆಳಿಗ್ಗೆ ಯಾರೂ ದೋಣಿ ನಿಲ್ಲಿಸಿ ಪಾಲಿಸಿ ಕೇಳುವುದಿಲ್ಲ. ಗಡಿಯ ಪ್ರಶ್ನೆ ಬೇರೆ ಇದೆ: ಹಿನ್ನೀರಿನೊಳಗೆ ಮಾತ್ರವೆಂದರೆ ಅಗ್ಗ, ಅಳಿವೆ ದಾಟಿ ಸಮುದ್ರಕ್ಕೆ ಹೋಗುವುದಾದರೆ ದುಬಾರಿ. ಅಗ್ಗದ್ದು ತೆಗೆದುಕೊಂಡು ‘ಸ್ವಲ್ಪ ಹೊರಗೆ ಹೋಗಿ ಬರೋಣ’ ಎಂದರೆ ಮತ್ತೆ ಮಾತು ತಪ್ಪಿದಂತೆ. ಆಸೆ ಇದ್ದದ್ದರಿಂದ ದಡದಿಂದ 3 ನಾಟಿಕಲ್ ಮೈಲಿಯವರೆಗೆ ಬರೆಸಿದೆವು.

ಕೊನೆಗೆ ಉಳಿದದ್ದು ಅಣ್ಣ. ಕೋವಳಂನ ಮೀನುಗಾರ, ಐವತ್ತರ ಆಸುಪಾಸು. ಅಳಿವೆಯ ಮರಳು ಇವತ್ತು ಎಲ್ಲಿದೆ, ನಾಳೆ ಎಲ್ಲಿರುತ್ತದೆ ಎಂದು ಅವರಿಗಷ್ಟೇ ಗೊತ್ತು. ಪ್ರತಿ ಸಲ ಬಂದು ದೋಣಿ ಇಳಿಸಿ, ಜೊತೆಗೆ ಕೂತು, ವಾಪಸು ಏರಿಸಿಕೊಡುತ್ತಾರೆ. 800 ರೂಪಾಯಿ ಕೊಡುತ್ತೇವೆ. ಕರಡಿನ ಹೊಣೆಯ ಭಾಗದಲ್ಲಿ ಒಂದು ಸಾಲಿತ್ತು: ಮಾಲೀಕರು ಕೂಲಿಗೆ ಇಟ್ಟುಕೊಂಡವರಿಗೆ ಕೆಲಸಗಾರರ ಪರಿಹಾರದ ಕಾನೂನಿನ ಕೆಳಗೆ ಬರುವ ಹೊಣೆ ಇದರಲ್ಲಿ ಸೇರಿಲ್ಲ. ಅಂದರೆ ದೋಣಿಯಲ್ಲಿ ಕೂತ ಐವರಲ್ಲಿ ಇಡ್ಲಿ ತಂದವರಿಗೆ ರಕ್ಷಣೆ ಉಂಟು, ದೋಣಿ ಕಾಯುವವರಿಗೆ ಇಲ್ಲ.

‘ಅಣ್ಣಾ, ನಿಮಗೆ ಇನ್‌ಶೂರೆನ್ಸ್ ಇದೆಯಾ?’ ಎಂದು ಕೇಳಿದೆ. ‘ಇದೆ ತಂಬಿ, ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಹಿಡಿಯುತ್ತಾರಲ್ಲ’ ಎಂದರು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. ಅಪಘಾತದಲ್ಲಿ ಹೋದರೆ 2 ಲಕ್ಷ. ನಮ್ಮ ದೋಣಿಗೆ ಒಪ್ಪಿತ ಮೌಲ್ಯ 5 ಲಕ್ಷ.

ಆ ರಾತ್ರಿ ನಾನು ಗೆಳೆಯನಿಗೆ ಫೋನ್ ಮಾಡಿ, ಅಣ್ಣನಿಗೆ ಕೆಲಸಗಾರರ ಪರಿಹಾರದ ಪಾಲಿಸಿ ಬೇರೆ ಮಾಡಿಸೋಣ, ಹೊಣೆಯ ಮೊತ್ತ 5ರಿಂದ 25 ಲಕ್ಷಕ್ಕೆ ಏರಿಸೋಣ, ಬೇಕಿದ್ದರೆ ದೋಣಿ ರಿಪೇರಿಯಲ್ಲಿ ನಾವು ಹೊರುವ ಪಾಲನ್ನು 10 ಸಾವಿರದಿಂದ 20 ಸಾವಿರ ಮಾಡಿ ದುಡ್ಡು ಹೊಂದಿಸೋಣ ಎಂದೆ. ಅಷ್ಟು ಹೊತ್ತು ತೇಪೆಯ ಬಗ್ಗೆ ಮುನಿಸಿಕೊಂಡವನು ಇದಕ್ಕೆ ಎರಡನೇ ಮಾತಾಡಲಿಲ್ಲ. ‘20 ಸಾವಿರದ ಚುಕ್ಕಾಣಿ ನಾವೇ ಕಟ್ಟಿಕೊಳ್ಳಬಹುದು ಮಚ್ಚಾ’ ಎಂದ. ಫೆಂಗಲ್ ಚುಕ್ಕಾಣಿಗೆ ನಾವೇ ಕಟ್ಟಿದ್ದೆವಲ್ಲ.

ಹೀಗೆ ಫೆಬ್ರವರಿ ಕೊನೆಗೆ ಪಾಲಿಸಿ ಕೈಗೆ ಬಂತು. ಒಪ್ಪಿತ ಮೌಲ್ಯ 5 ಲಕ್ಷ, ಹೊಣೆ 25 ಲಕ್ಷ, ಲೇ-ಅಪ್ ಅಕ್ಟೋಬರ್ 1ರಿಂದ ಡಿಸೆಂಬರ್ 31, ದಡದ ಮೇಲಿನ ಚಂಡಮಾರುತ ಮತ್ತು ನೆರೆಗೆ ಪ್ರತ್ಯೇಕ ಸಾಲು. ಪ್ರೀಮಿಯಂ 13,400, ಶೇ 18ರ ಜಿಎಸ್‌ಟಿ ಸೇರಿ 15,812. ಅಣ್ಣನ ಪಾಲಿಸಿಗೆ ಸುಮಾರು 3 ಸಾವಿರ. ಇಬ್ಬರಿಗೆ ಹಂಚಿದರೆ ತಲೆಗೆ 9,400ರ ಹತ್ತಿರ. ಮೊದಲ ಕರಡಿಗೆ ಸಹಿ ಹಾಕಿದ್ದರೆ ಇದರ ಅರ್ಧದಲ್ಲಿ ಮುಗಿಯುತ್ತಿತ್ತು. ಬೇರೆ ಊರಿನಲ್ಲಿ ದೋಣಿ ಇಟ್ಟವರಿಗೆ ಈ ಅಂಕಿಗಳು ಹೊಂದಲಾರವು. ಕೊಚ್ಚಿ, ಗೋವಾ, ಮುಂಬೈಯಲ್ಲಿರುವ ಕನ್ನಡಿಗರಿಗೆ ಆ ಜೂನ್–ಸೆಪ್ಟೆಂಬರ್ ಲೇ-ಅಪ್ಪೇ ಸರಿ ಇರಬಹುದು. ವಿಶಾಖಪಟ್ಟಣದಲ್ಲಿ ಇರುವವರು ಮಾತ್ರ ಪಾಲಿಸಿಯ ಆ ಸಾಲನ್ನು ಇವತ್ತೇ ತೆಗೆದು ನೋಡಿ.

ಜೂನ್ 14, ಶನಿವಾರ ಬೆಳಿಗ್ಗೆ ಆರು ಗಂಟೆಗೆ ದೋಣಿ ಇಳಿಸಿದೆವು. ಇಲ್ಲಿನ ಮೀನುಗಾರಿಕೆ ನಿಷೇಧದ ಕೊನೆಯ ದಿನ, ಮರುದಿನದಿಂದ ಅಣ್ಣ ತಮ್ಮ ಕೆಲಸಕ್ಕೆ ಹೋಗುವವರು. ಮಗಳು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನಲ್ಲಿ ಕತ್ತು ಹುದುಗಿ ಕೂತಿದ್ದಳು. ಮಾವನಿಗೆ ವಿಡಿಯೊ ಕಾಲ್ ಮಾಡಿದೆ. ಅವರ ಹಿಂದೆ ಹೆಂಚಿನಿಂದ ಮಳೆ ಧಾರೆಯಾಗಿ ಇಳಿಯುತ್ತಿತ್ತು, ಆ ಸದ್ದಿಗೆ ಅವರ ಮಾತೇ ಕೇಳುತ್ತಿರಲಿಲ್ಲ. ಇಲ್ಲಿ ಬಿಸಿಲು. ಅವರು ಏನೋ ಕೈಸನ್ನೆ ಮಾಡಿದರು. ಫೋನನ್ನು ದೋಣಿಯ ಹಿಂಭಾಗಕ್ಕೆ ತಿರುಗಿಸಿದೆ. ಅಣ್ಣ ಇಂಜಿನ್ನಿನ ಸ್ಕ್ರೂ ಬಿಗಿ ಮಾಡಿ, ಬೀಗ ಹಾಕಿ, ಅದು ಸಾಲದೆಂಬಂತೆ ಇನ್ನೊಂದು ಸರಪಳಿಯನ್ನು ದೋಣಿಯ ಕೊಕ್ಕೆಗೆ ಸುತ್ತುತ್ತಿದ್ದರು. ಕಳಚಿ ಬಿದ್ದರೆ ಕಂಪನಿ ಕೊಡುವುದಿಲ್ಲ ಎಂದು ನಾನು ಅವರಿಗೆ ಹೇಳಿರಲಿಲ್ಲ.